ಕ್ಯಾಸೆಟ್ಟಿನ ಬೆನ್ನು ತೋರಿಸಲು ಹೇಳಿ

ಹಳೆಯ ಗೇಮ್ ಬಾಯ್ ಕ್ಯಾಸೆಟ್ ಕೊಳ್ಳಲು ಹೊರಟವರು ಮಾರುವವರನ್ನು ಮೊದಲು ಕೇಳುವುದು ‘ಲಾಸ್ಟ್ ಎಷ್ಟು?’ ಎಂದು. ಕೇಳಬೇಕಾದದ್ದು ‘ಬೆನ್ನಿನ ಫೋಟೋ ಇದೆಯಾ?’ ಎಂದು. ಮುಂಭಾಗದ ಒಂದೇ ಚಿತ್ರ ಹಾಕಿ, ‘ಒರಿಜಿನಲ್, ವರ್ಕಿಂಗ್ ಕಂಡಿಷನ್’ ಎಂದು ಬರೆದಿರುವ ಆನ್‌ಲೈನ್ ಜಾಹೀರಾತನ್ನು ನಾನು ನಕಲಿಯೆಂದೇ ಎಣಿಸಿ ಮುಂದುವರಿಯುತ್ತೇನೆ. ಮುಂಭಾಗದ ಲೇಬಲ್ಲನ್ನು ಯಾರು ಬೇಕಾದರೂ ಮುದ್ರಿಸಬಹುದು. ಒಳಗಿನದನ್ನು ಹಾಗೆಯೇ ಮಾಡಲು ಖರ್ಚು ಬೀಳುತ್ತದೆ. ಆ ಖರ್ಚು ಉಳಿಸುವುದಕ್ಕೆಂದೇ ನಕಲು ಮಾಡುವುದು. ಹಾಗಾಗಿ ನಕಲಿ ಸಿಕ್ಕಿಬೀಳುವುದು ಬೆನ್ನಿನಲ್ಲಿ, ಹೊಟ್ಟೆಯೊಳಗೆ.

ನಮ್ಮ ಕೊಪ್ಪಳ ಭಾಗದವರಿಗೆ ಈ ಎಚ್ಚರ ತುಸು ಹೆಚ್ಚೇ ಬೇಕು. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯಲ್ಲಿ ಹುಟ್ಟಿದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಜಗತ್ತನ್ನೆಲ್ಲ ಸುತ್ತಿದರೂ ನಮ್ಮ ಜಾತ್ರೆ, ಸಂತೆಗಳಿಗೆ ಬಂದದ್ದು ‘9999 ಇನ್ 1’ ಎಂದು ಬರೆದುಕೊಂಡ ಬ್ರಿಕ್ ಗೇಮ್. ಅದರಲ್ಲಿದ್ದದ್ದು ಬೆರಳೆಣಿಕೆಯ ಆಟಗಳು. ಅವೇ ಆಟಗಳ ವೇಗ ಬದಲಿಸಿ, ಹಂತ ಬದಲಿಸಿ ಲೆಕ್ಕವನ್ನು ಹತ್ತು ಸಾವಿರದ ಹತ್ತಿರಕ್ಕೆ ತಂದಿದ್ದರು. ಅಸಲಿ ಯಂತ್ರ ಕಣ್ಣಿಗೆ ಬೀಳುತ್ತಿದ್ದ ಜಾಗವೆಂದರೆ ವಿರೂಪಾಪುರಗಡ್ಡೆ. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡಕ್ಕೆ, ತುಂಗಭದ್ರೆ ಸುತ್ತುವರಿದ ಆ ನಡುಗಡ್ಡೆಯಲ್ಲಿ ಹೊರದೇಶದ ಯುವಕ ಯುವತಿಯರು ವಾರಗಟ್ಟಲೆ ತಂಗುತ್ತಿದ್ದರು. ಕರೆಂಟು ಹೋದ ಸಂಜೆಗಳಲ್ಲಿ ಅವರ ಚೀಲದಿಂದ ಗೇಮ್ ಬಾಯ್ ಅಡ್ವಾನ್ಸ್ ಹೊರಬರುತ್ತಿತ್ತು. ಎರಡು ಪೆನ್ಸಿಲ್ ಸೆಲ್ ಇದ್ದರೆ ಅದಕ್ಕೆ ಸಾಕು. ಅಸಲಿ ಕ್ಯಾಸೆಟ್ಟಿನ ತೂಕ, ಅದರ ಪ್ಲಾಸ್ಟಿಕ್ಕಿನ ನುಣುಪು, ಸ್ಲಾಟಿಗೆ ಕೂರುವಾಗಿನ ಬಿಗಿ ಇವನ್ನೆಲ್ಲ ನನ್ನ ಬೆರಳು ಕಲಿತದ್ದು ಅಲ್ಲಿ.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚಿನಲ್ಲಿ ಗಡ್ಡೆಯ ರೆಸಾರ್ಟುಗಳು ತೆರವಾದವು. ಈಗ ಗಂಗಾವತಿಯವರಾಗಲಿ, ಕುಷ್ಟಗಿಯವರಾಗಲಿ ಇಂಥ ವಸ್ತುವನ್ನು ಮುಟ್ಟಿ ನೋಡಿ ಕೊಳ್ಳುವ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಮೊಬೈಲ್ ಪರದೆಯ ಫೋಟೋವೇ ಆಧಾರ. ಆದ್ದರಿಂದ ಫೋಟೋವನ್ನು ಓದಲು ಕಲಿಯಬೇಕು.

ಓದುವ ಕ್ರಮಕ್ಕೆ ದೂರ ಹೋಗಬೇಕಿಲ್ಲ. ಕೊಪ್ಪಳ ಶಾಸನಗಳ ನಾಡು. ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದದ್ದನ್ನು ಇಲ್ಲಿಯ ಶಾಲೆಯ ಮಕ್ಕಳೂ ಬಲ್ಲರು. ಶಾಸನತಜ್ಞರು ಕೂಟಶಾಸನವನ್ನು, ಅಂದರೆ ಹಿಂದಿನ ಕಾಲದ್ದೆಂದು ಹೇಳಿಕೊಂಡು ಆಮೇಲೆ ಯಾರೋ ಹುಟ್ಟಿಸಿದ ಶಾಸನವನ್ನು, ಒಂದು ಗುರುತಿನಿಂದ ಹಿಡಿಯುವುದಿಲ್ಲ. ಹೇಳಿದ ತಿಥಿಗೂ ವಾರಕ್ಕೂ ಹೊಂದುತ್ತದೆಯೇ, ಹೇಳಿದ ಕಾಲಕ್ಕೂ ಲಿಪಿಗೂ ಹೊಂದುತ್ತದೆಯೇ, ಭಾಷೆ ಆ ಶತಮಾನದ್ದೇ, ಮುದ್ರೆ ಆ ಮನೆತನದ್ದೇ ಎಂದು ಒಂದೊಂದನ್ನೂ ಇನ್ನೊಂದರ ಪಕ್ಕಕ್ಕಿಟ್ಟು ತಾಳೆ ನೋಡುತ್ತಾರೆ. ಶಾಸನತಜ್ಞ ಫ್ಲೀಟ್ ಅವರು ಗಂಗರ ಹಲವು ತಾಮ್ರಪಟಗಳನ್ನು ಕೂಟವೆಂದು ತಳ್ಳಿಹಾಕಿದ್ದು ಹೀಗೆಯೇ. ಕ್ಯಾಸೆಟ್ಟಿಗೂ ಅದೇ ವಿಧಾನ ಸಲ್ಲುತ್ತದೆ. ಲೇಬಲ್, ಕವಚ, ಬೋರ್ಡು, ಆಟದ ನಡವಳಿಕೆ ಈ ನಾಲ್ಕೂ ಒಂದೇ ಮಾತು ಹೇಳಬೇಕು.

ಅತಿ ಹೆಚ್ಚು ನಕಲಿಗೆ ಗುರಿಯಾದ ಕ್ಯಾಸೆಟ್‌ಗಳಲ್ಲಿ ಒಂದಾದ ‘ಪೋಕೆಮಾನ್ ಎಮರಾಲ್ಡ್’ ಅನ್ನೇ ಎತ್ತಿಕೊಳ್ಳೋಣ. 2004ರಲ್ಲಿ ಜಪಾನಿನಲ್ಲಿ, 2005ರಲ್ಲಿ ಅಮೆರಿಕದಲ್ಲಿ ಬಂದ ಆಟ ಇದು. ಮೊದಲು ಲೇಬಲ್ಲಿನ ಕೆಳಗಿರುವ ಸಂಕೇತ ಓದಿ. ಅಮೆರಿಕದ ಪ್ರತಿಯಲ್ಲಿ ‘ಎಜಿಬಿ-ಬಿಪಿಇಇ-ಯುಎಸ್‌ಎ’ ಎಂದಿರಬೇಕು. ‘ಎಜಿಬಿ’ ಎಂದರೆ ಗೇಮ್ ಬಾಯ್ ಅಡ್ವಾನ್ಸ್. ನಡುವಿನ ನಾಲ್ಕು ಅಕ್ಷರ ಆಟದ ಗುರುತು, ಅದರಲ್ಲಿ ಕೊನೆಯದು ಪ್ರದೇಶದ್ದು: ಇ ಅಮೆರಿಕ, ಪಿ ಯುರೋಪ್, ಜೆ ಜಪಾನ್. ಇದೇ ಸರಣಿಯ ಫೈರ್‌ರೆಡ್‌ಗೆ ಬಿಪಿಆರ್‌ಇ, ಲೀಫ್‌ಗ್ರೀನ್‌ಗೆ ಬಿಪಿಜಿಇ, ರೂಬಿಗೆ ಎಎಕ್ಸ್‌ವಿಇ, ಸಫೈರ್‌ಗೆ ಎಎಕ್ಸ್‌ಪಿಇ. ಒಂದು ಆಟದ ಲೇಬಲ್ಲಿಗೆ ಇನ್ನೊಂದರ ಸಂಕೇತ ಅಂಟಿಸಿರುವ ಕ್ಯಾಸೆಟ್ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಸಂಕೇತ ಸರಿಯಿದ್ದರೆ ಲೇಬಲ್ಲನ್ನು ಓರೆ ಬೆಳಕಿನಲ್ಲಿ ಹಿಡಿದು ಫೋಟೋ ತೆಗೆಯಲು ಹೇಳಿ. ಅಸಲಿ ಲೇಬಲ್ಲಿನ ಮೇಲೆ ಎರಡು ಅಂಕಿ, ಕೆಲವೊಮ್ಮೆ ಅದರ ಜೊತೆಗೊಂದು ಅಕ್ಷರ, ಶಾಯಿಯಿಲ್ಲದೆ ಒತ್ತಿದ ಗುರುತಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಬಿದ್ದ ಅಚ್ಚು ಅದು. ನೇರ ಬೆಳಕಿನ ಫೋಟೋದಲ್ಲಿ ಅದು ಕಾಣದೇ ಹೋಗಬಹುದು, ಆದ್ದರಿಂದಲೇ ಓರೆ ಬೆಳಕು ಬೇಕು. ಎಷ್ಟೋ ನಕಲಿಗಳಲ್ಲಿ ಈ ಅಚ್ಚು ಇರುವುದಿಲ್ಲ.

ಆಮೇಲೆ ಕವಚ. ಎಮರಾಲ್ಡ್‌ನ ಕವಚ ಹಸಿರು ಬಣ್ಣದ ಅರೆಪಾರದರ್ಶಕ ಪ್ಲಾಸ್ಟಿಕ್. ಬೆಳಕಿಗೆ ಹಿಡಿದರೆ ಒಳಗಿನ ಬ್ಯಾಟರಿಯ ಗುಂಡು ನೆರಳು ಕಾಣುತ್ತದೆ. ಬೆನ್ನಿನ ಸ್ಕ್ರೂ ಮೂರು ಸೀಳಿನದ್ದು. ಅಲ್ಲಿ ಸಾಮಾನ್ಯ ನಾಲ್ಕು ಸೀಳಿನ ಸ್ಕ್ರೂ ಕಂಡರೆ ಯಾರೋ ಬಿಚ್ಚಿದ್ದಾರೆ, ಇಲ್ಲವೇ ಕ್ಯಾಸೆಟ್ಟೇ ಬೇರೆ. ಮೂಲ ಗೇಮ್ ಬಾಯ್‌ನ ಬೂದು ಕ್ಯಾಸೆಟ್‌ಗಳಲ್ಲಿ ಇದರ ಬದಲು 3.8 ಮಿಲಿಮೀಟರಿನ ವಿಶೇಷ ಸ್ಕ್ರೂ ಇರುತ್ತದೆ. ಈಗ ಕ್ಯಾಸೆಟ್ಟನ್ನು ತಲೆಕೆಳಗು ಮಾಡಿ, ಚಿನ್ನದ ಬಣ್ಣದ ಪಿನ್ನುಗಳ ಕಡೆಯಿಂದ ಒಳಗೆ ನೋಡಿ. ಅಸಲಿಯಲ್ಲಿ ಪಿನ್ನುಗಳ ಮೇಲ್ಭಾಗದಲ್ಲಿ ಬೋರ್ಡಿನ ಮೇಲೆ ‘ನಿಂಟೆಂಡೊ’ ಎಂಬ ಹೆಸರು ಚೊಕ್ಕವಾಗಿ ಕಾಣುತ್ತದೆ. ಕವಚ ಬಿಚ್ಚದೆಯೇ ಸಿಗುವ ಗುರುತುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಇದಕ್ಕೆ.

ಕೊನೆಗೆ ಬೋರ್ಡು. ಬೆಲೆ ಸಾವಿರಗಳಲ್ಲಿದ್ದರೆ ಬಿಚ್ಚಿದ ಫೋಟೋ ಕೇಳಲು ಸಂಕೋಚ ಬೇಡ. ನಿಜವಾದ ಸಂಗ್ರಾಹಕರು ಅದನ್ನು ಸಂತೋಷದಿಂದ ಕಳಿಸುತ್ತಾರೆ. ಅಸಲಿ ಬೋರ್ಡಿನಲ್ಲಿ ಚಿಪ್‌ಗಳ ಮೇಲೆ ಸಂಕೇತ ಸ್ಪಷ್ಟವಾಗಿರುತ್ತದೆ, ಬೋರ್ಡಿನ ಮೇಲೂ ಎಜಿಬಿಯಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಬ್ಯಾಟರಿಯನ್ನು ಲೋಹದ ಪಟ್ಟಿಗೆ ಬೆಸೆದಿರುತ್ತಾರೆ. ನಕಲಿಯಲ್ಲಿ ಚಿಪ್ಪಿನ ಜಾಗಕ್ಕೆ ಕಪ್ಪು ಅಂಟಿನ ಮುದ್ದೆ, ಕೈಯಿಂದ ಹಾಕಿದ ಒರಟು ಬೆಸುಗೆ, ಕೆಲವೊಮ್ಮೆ ಬ್ಯಾಟರಿಯೇ ಇಲ್ಲ. ಇನ್ನೊಂದು ಮಾತು: ಫೈರ್‌ರೆಡ್, ಲೀಫ್‌ಗ್ರೀನ್ ಆಟಗಳಿಗೆ ಗಡಿಯಾರವಿಲ್ಲ, ಹಾಗಾಗಿ ಅಸಲಿಯಲ್ಲಿ ಬ್ಯಾಟರಿಯೂ ಇರುವುದಿಲ್ಲ. ‘ಹೊಸ ಬ್ಯಾಟರಿ ಹಾಕಿದ ಫೈರ್‌ರೆಡ್’ ಎಂದು ಯಾರಾದರೂ ಹೆಮ್ಮೆಯಿಂದ ಮಾರುತ್ತಿದ್ದರೆ ಆ ಮಾತೇ ಅದನ್ನು ನಕಲಿಯೆಂದು ಸಾರುತ್ತಿದೆ.

ಸಾಕ್ಷಿಯಂತೆ ಕಂಡರೂ ಸಾಕ್ಷಿಯಲ್ಲದ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಬೇಕು. ಒಂದು, ಪರದೆಯ ಮೇಲೆ ಇಳಿದು ಬರುವ ನಿಂಟೆಂಡೊ ಲಾಂಛನ. ‘ಲೋಗೋ ಬರುತ್ತಿದೆ ಸರ್, ಒರಿಜಿನಲ್ಲೇ’ ಎಂದು ವಿಡಿಯೋ ಕಳಿಸುವವರಿದ್ದಾರೆ. ಮೂಲ ಗೇಮ್ ಬಾಯ್ ಆನ್ ಆದಾಗ ಕ್ಯಾಸೆಟ್ಟಿನಲ್ಲಿರುವ 48 ಬೈಟಿನ ಲಾಂಛನವನ್ನು ತನ್ನೊಳಗಿನ ಪ್ರತಿಯ ಜೊತೆ ಹೋಲಿಸುತ್ತದೆ, ತಾಳೆಯಾಗದಿದ್ದರೆ ಆಟವನ್ನು ನಡೆಸುವುದೇ ಇಲ್ಲ. ಆದ್ದರಿಂದ ನಡೆಯುವ ಪ್ರತಿ ನಕಲಿಯೂ ಆ 48 ಬೈಟನ್ನು ಮೊದಲೇ ಕದ್ದಿರುತ್ತದೆ. ಲಾಂಛನ ಬಂದರೆ ಕ್ಯಾಸೆಟ್ ಓಡುತ್ತದೆ ಎಂದಷ್ಟೇ ಅರ್ಥ. ಎರಡು, ಎಮರಾಲ್ಡ್ ಶುರುವಾಗುವಾಗ ‘ಒಳಗಿನ ಬ್ಯಾಟರಿ ಖಾಲಿಯಾಗಿದೆ’ ಎಂದು ಬರುವ ಸೂಚನೆ. ಇಪ್ಪತ್ತು ವರ್ಷ ದಾಟಿದ ಅಸಲಿಯಲ್ಲಿ ಅದು ಬರುವುದು ಸಹಜ. ಗಡಿಯಾರವೇ ಇಲ್ಲದ ನಕಲಿಯಲ್ಲೂ ಬರುತ್ತದೆ. ಅದನ್ನು ಕಂಡು ಹೆದರಿ ಅಸಲಿಯನ್ನು ಬಿಡಬೇಡಿ, ನಂಬಿ ನಕಲಿಯನ್ನು ಕೊಳ್ಳಲೂಬೇಡಿ.

‘ಆಟ ಅದೇ ತಾನೆ, ನಕಲಿಯಾದರೇನು?’ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಸೇವ್. ಅಸಲಿ ಎಮರಾಲ್ಡ್‌ನಲ್ಲಿ ಬ್ಯಾಟರಿ ಗಡಿಯಾರಕ್ಕಷ್ಟೇ. ಆಡಿದ ಆಟ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಯುತ್ತದೆ. ಬ್ಯಾಟರಿ ಸತ್ತರೂ ಅದಕ್ಕೆ ಏನೂ ಆಗುವುದಿಲ್ಲ. ಅಗ್ಗದ ನಕಲಿಗಳಲ್ಲಿ ಅದೇ ಸೇವ್ ಬ್ಯಾಟರಿಯ ಆಸರೆಯಲ್ಲಿ ನಿಂತಿರುತ್ತದೆ. ಬ್ಯಾಟರಿ ಹೋದ ದಿನ ಎಲ್ಲವೂ ಹೋಯಿತು. ಅಸಲಿಯ ಪೋಕೆಮಾನ್‌ಗಳನ್ನು ನಿಂಟೆಂಡೊ ಡಿಎಸ್‌ನ ಮುಂದಿನ ಆಟಗಳಿಗೆ ಸಾಗಿಸಬಹುದು. ಬಹಳಷ್ಟು ನಕಲಿಗಳು ಅಲ್ಲಿಯೂ ಕೈಕೊಡುತ್ತವೆ. ಬೇಸಿಗೆ ರಜೆ ಪೂರ್ತಿ ಮಗು ಆಡಿ ಬೆಳೆಸಿದ್ದು ಒಂದು ಬೆಳಗ್ಗೆ ಮಾಯವಾದರೆ, ಉಳಿಸಿದ ಸಾವಿರ ರೂಪಾಯಿಯಿಂದ ಅದನ್ನು ಮರಳಿ ತರಲಾಗದು.

ಆಟಗಳ ಇತಿಹಾಸ ಗೊತ್ತಿದ್ದರೂ ಕೈ ಸುಡುವುದು ತಪ್ಪುತ್ತದೆ. ಗೇಮ್ ಬಾಯ್ ಕಲರ್‌ಗೆಂದು ‘ಪೋಕೆಮಾನ್ ಡೈಮಂಡ್’, ‘ಪೋಕೆಮಾನ್ ಜೇಡ್’ ಎಂಬ ಕ್ಯಾಸೆಟ್‌ಗಳು ಇವತ್ತಿಗೂ ಮಾರಾಟಕ್ಕೆ ಬರುತ್ತವೆ. ಅವು 2000ದಲ್ಲಿ ಜಪಾನಿನಲ್ಲಿ ಬಂದ ‘ಟೆಲಿಫ್ಯಾಂಗ್’ ಎಂಬ ಬೇರೊಂದು ಆಟದ ಹೆಸರು ತಿದ್ದಿದ ಪ್ರತಿಗಳು. ನಿಜವಾದ ಡೈಮಂಡ್ ಬಂದದ್ದು 2006ರಲ್ಲಿ, ಅದೂ ಡಿಎಸ್ ಯಂತ್ರಕ್ಕೆ. 2009ರ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್ ಆಟಗಳ ಪರೀಕ್ಷೆ ಇನ್ನೂ ಸುಲಭ. ಆ ಕಾರ್ಡುಗಳೊಳಗೆ ಅತಿಗೆಂಪು ಕಿರಣದ ಸಂಪರ್ಕ ಸಾಧನವಿದೆ, ಕಿರಣ ಹಾಯಬೇಕಾದ್ದರಿಂದ ಪ್ಲಾಸ್ಟಿಕ್ ನೋಡಲು ಕಪ್ಪಾದರೂ ಪ್ರಖರ ಬೆಳಕಿನೆದುರು ಹಿಡಿದರೆ ಕೆಂಪು ಛಾಯೆ ಬಿಡುತ್ತದೆ. ಬೆಳಕೇ ತೂರದ ಮಾಮೂಲಿ ಬೂದು ಪ್ಲಾಸ್ಟಿಕ್ಕಿನ ಕಾರ್ಡು ನಕಲಿ.

ಯಂತ್ರಗಳ ವಿಷಯಕ್ಕೆ ಬಂದರೆ, ಗೇಮ್ ಬಾಯ್ ಆಕಾರದಲ್ಲಿ ‘ಸಪ್ 400 ಇನ್ 1’ ಎಂದು ಆನ್‌ಲೈನ್ ತುಂಬ ಸಿಗುವ ಯಂತ್ರಕ್ಕೆ ಕ್ಯಾಸೆಟ್ ಹಾಕುವ ಜಾಗವೇ ಇಲ್ಲ. ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಮಾದರಿಯ ಬ್ಯಾಟರಿ ಹಾಕಿಕೊಂಡು, ಟಿವಿಗೆ ಜೋಡಿಸಿ ಆಡುತ್ತಿದ್ದ ಎಂಟು ಬಿಟ್ ಕಾಲದ ಆಟಗಳನ್ನು ಅದು ಓಡಿಸುತ್ತದೆ. ಗೇಮ್ ಬಾಯ್‌ಗೂ ಅದಕ್ಕೂ ನಂಟಿಲ್ಲ. ಹೊಸ ಕವಚ ತೊಡಿಸಿದ ಅಸಲಿ ಯಂತ್ರದ ಮಾತು ಬೇರೆ. ಒಳಗಿನ ಬೋರ್ಡು ಮೂಲದ್ದಾಗಿದ್ದು, ಕವಚ ಹೊಸದೆಂದು ಹೇಳಿ ಮಾರಿದರೆ ಅದು ದುರಸ್ತಿ. ಹೇಳದೆ ‘ಮಿಂಟ್ ಕಂಡಿಷನ್’ ಎಂದರೆ ಮೋಸ.

ಹೊಸ ಯಂತ್ರ ಕೊಳ್ಳುವವರಿಗೆ ಸರಕಾರವೇ ಒಂದು ಅಳತೆಗೋಲು ಕೊಟ್ಟಿದೆ. ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲಿ ವಿಡಿಯೋ ಗೇಮ್‌ಗಳೂ ಸೇರಿವೆ. ಅಂಥ ಯಂತ್ರದ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಅದಕ್ಕೂ ತಾಳೆ ನೋಡಿ.

ದುಡ್ಡು ಕೊಡುವ ಮೊದಲು ಮಾರುವವರಿಂದ ಇಷ್ಟು ತರಿಸಿಕೊಳ್ಳಿ: ಅಂದಿನ ತಾರೀಕು ಬರೆದ ಚೀಟಿಯ ಪಕ್ಕ ಕ್ಯಾಸೆಟ್ ಇಟ್ಟು ತೆಗೆದ ಫೋಟೋ, ಬೆನ್ನು, ಪಿನ್ನುಗಳ ಕಡೆ, ಓರೆ ಬೆಳಕಿನ ಲೇಬಲ್. ‘ಒರಿಜಿನಲ್’ ಎಂಬ ಮಾತು ಬರಹದಲ್ಲಿ ಇರಲಿ. ಪಾರ್ಸೆಲ್ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಕತ್ತರಿಸದೆ ವಿಡಿಯೋ ಮಾಡಿ. ಒಬ್ಬರೇ ಮಾರಾಟಗಾರರ ಬಳಿ ‘ಸೀಲ್ ಒಡೆಯದ’ ಎಮರಾಲ್ಡ್ ಹತ್ತಾರಿದ್ದರೆ ದೂರವಿರಿ. ಆ ಕ್ಯಾಸೆಟ್ಟಿನ ತಯಾರಿಕೆ ನಿಂತು ವರ್ಷಗಳೇ ಆದವು.

ಮೋಸವಾದರೆ ಸುಮ್ಮನೆ ಕೂರಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಕಲಿ ಮಾಲನ್ನು, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದೇನೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಮಾರುವವರು ದೆಹಲಿಯಲ್ಲಿದ್ದರೂ ನಾವು ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ವ್ಯಾಪಾರಿಯಲ್ಲದ ವ್ಯಕ್ತಿಯೊಬ್ಬರು ತಮ್ಮ ಹಳೆಯ ವಸ್ತುವನ್ನು ಮಾರಿದಾಗ ಆ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ. ಅಂಥ ಕಡೆ ಯುಪಿಐಯಲ್ಲಿ ಮುಂಗಡ ಹಾಕುವ ಮೊದಲು ಇನ್ನೊಮ್ಮೆ ಫೋಟೋ ನೋಡಿ.

ರೀಪ್ರೊ, ಅಂದರೆ ಹೊಸದಾಗಿ ಮಾಡಿದ ನಕಲು ಕ್ಯಾಸೆಟ್ಟನ್ನು ರೀಪ್ರೊ ಎಂದೇ ಹೇಳಿ, ಆ ಬೆಲೆಗೆ ಮಾರುವವರು ಕೊಳ್ಳುವವರನ್ನಂತೂ ವಂಚಿಸುತ್ತಿಲ್ಲ. ಅವರ ಲೆಕ್ಕ ಹಕ್ಕುದಾರ ಕಂಪನಿಯ ಜೊತೆಗಿನದು. ನಕಲನ್ನು ಅಸಲೆಂದು ಮಾರುವವರು ಕೊಳ್ಳುವವರ ಹಣವನ್ನೂ ಆಡುವ ಮಗುವಿನ ಶ್ರಮವನ್ನೂ ಒಟ್ಟಿಗೇ ಕದಿಯುತ್ತಾರೆ. ಬೆನ್ನಿನ ಫೋಟೋ ಕಳಿಸಲು ಹಿಂದೆಮುಂದೆ ನೋಡುವವರಿಂದ ಯಾವ ಬೆಲೆಗೂ ಕೊಳ್ಳಬೇಡಿ.