ಶಿವಪುರದ ಧ್ವಜವೂ ‘ಗಾಂಧಿ’ಯ ಕಥೆಯೂ

ನುಡಿಗೂ ನಡೆಗೂ ಇರುವ ಅಂತರವು ಕನ್ನಡ ಸಾಹಿತ್ಯಕ್ಕೆ ಹೊಸ ವಸ್ತುವಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ಅದನ್ನು ನೇರವಾಗಿ ಖಂಡಿಸಿದರು; ಪುರಂದರದಾಸರು ಹೊಟ್ಟೆಪಾಡಿನ ವೈರಾಗ್ಯವನ್ನು ಪರಿಹಾಸ್ಯಕ್ಕೆ ಗುರಿಮಾಡಿದರು; ಕೈಲಾಸಂ ಅವರು ವಿದ್ಯಾವಂತರ ಮನೆಯೊಳಗೇ ಟೊಳ್ಳನ್ನೂ ಗಟ್ಟಿಯನ್ನೂ ಎದುರುಬದುರಾಗಿ ನಿಲ್ಲಿಸಿದರು. ಈ ಪರಂಪರೆಯಲ್ಲಿ ಬೆಸಗರಹಳ್ಳಿ ರಾಮಣ್ಣನವರ ‘ಗಾಂಧಿ’ ಎಂಬ ಸಣ್ಣಕಥೆಗೆ ವಿಶಿಷ್ಟವಾದ ಸ್ಥಾನವುಂಟು.

ಕಥೆಯ ಬೆಲೆಯನ್ನರಿಯಲು ಕಥೆಗಾರರ ನೆಲವನ್ನು ನೆನೆಯಬೇಕು. 1938ರ ಏಪ್ರಿಲ್ ತಿಂಗಳಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ನೆರೆಯಿತು. ನಿಷೇಧಾಜ್ಞೆಯಿದ್ದರೂ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ತ್ರಿವರ್ಣಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಅಂದು ಆಡಿದ ಮಾತಿಗೆ ಸೆರೆಮನೆಯೇ ಬೆಲೆ. ಆದಕಾರಣ ಬರಿಯ ಮಾತಿನವರಿಗೆ ಅಲ್ಲಿ ಎಡೆಯಿರಲಿಲ್ಲ. ಅದೇ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯವರಾದ ರಾಮಣ್ಣನವರು ಜನಿಸಿದುದೂ ಆ ವರ್ಷವೇ.

ಅವರ ಕಥೆಯ ಗಾಂಧಿ ಮಹಾತ್ಮನಲ್ಲ. ಹಳ್ಳಿಯ ಬಡವನೊಬ್ಬನ ಮಗ. ರೋಗಪೀಡಿತನಾದ ಆ ಬಾಲಕನನ್ನು ತಂದೆಯು ಸರ್ಕಾರಿ ಆಸ್ಪತ್ರೆಗೆ ಕರೆತರುತ್ತಾನೆ. ಬಡವರ ಶುಶ್ರೂಷೆಗೆಂದು ಏರ್ಪಟ್ಟ ಆ ಸ್ಥಳವು ಲಂಚದ ಅಂಗಡಿಯಾಗಿದೆ. ಬಾಲಕನು ಸಾಯುತ್ತಾನೆ.

ಇಲ್ಲಿಯ ಸಂಕೇತವು ತೀರ ಸುಲಭವಾದುದೆಂದು ಆಕ್ಷೇಪಿಸಬಹುದು. ಆ ಹೆಸರಿನ ಬಾಲಕನು ಸತ್ತನೆಂದೊಡನೆ ಆದರ್ಶವೇ ಸತ್ತಿತೆಂಬ ಅರ್ಥವು ವಾಚಕನ ಕೈಗೆ ತಾನಾಗಿ ಬಂದು ಬೀಳುತ್ತದೆ. ಆಕ್ಷೇಪವು ನಿರಾಧಾರವಲ್ಲ. ಆದರೆ ಸಂಕೇತವನ್ನು ಬದಿಗಿಟ್ಟು ಓದಿದರೂ ಮಗನನ್ನು ಕಳೆದುಕೊಂಡ ತಂದೆಯ ಸಂಕಟವು ಹಾಗೆಯೇ ಉಳಿಯುತ್ತದೆ. ಮೇಲಾಗಿ, ಹೆಸರಿಡುವುದರಲ್ಲಿಯೇ ಒಂದು ತಾರತಮ್ಯವಿದೆ. ಪಟ್ಟಣಗಳು ಆ ಹೆಸರನ್ನು ಬೀದಿಗೂ ಚೌಕಕ್ಕೂ ಇಟ್ಟುವು. ಅದಕ್ಕೆ ಯಾರೂ ಏನನ್ನೂ ತೆರಬೇಕಾಗಿರಲಿಲ್ಲ. ಈ ಬಡವನಾದರೋ ತನ್ನ ಸರ್ವಸ್ವವಾದ ಮಗನಿಗೆ ಇಟ್ಟನು. ಆದರ್ಶವನ್ನು ನಂಬಿದವನೇ ಅದರ ವಂಚನೆಗೆ ಬಲಿಯಾದನೆಂಬುದು ಕಥೆಯ ನಿಜವಾದ ಕರುಣರಸ.

ರಾಮಣ್ಣನವರು ವೃತ್ತಿಯಿಂದ ವೈದ್ಯರಾಗಿದ್ದರೆಂಬುದನ್ನೂ ಮರೆಯಲಾಗದು. ಪರರ ಅನೀತಿಯನ್ನು ಬರೆಯುವುದು ಸುಲಭ; ಅವರು ತಮ್ಮ ವೃತ್ತಿಯ ಮನೆಯನ್ನೇ ಬೆಳಕಿಗೆ ಹಿಡಿದರು. ನೀತಿಯನ್ನು ಹೇಳುವ ಸಾಹಿತಿಗೂ ನುಡಿದಂತೆ ನಡೆಯುವ ಹೊಣೆಯುಂಟಷ್ಟೆ. ಆ ಹೊಣೆಯನ್ನು ಅವರು ಕಥೆಯ ವಸ್ತುವನ್ನು ಆರಿಸಿಕೊಂಡಾಗಲೇ ಹೊತ್ತರು.

ಶಿವಪುರದಲ್ಲಿ ಇಂದು ಸತ್ಯಾಗ್ರಹ ಸೌಧವಿದೆ. ಧ್ವಜವಂದನೆಗೆಂದು ಅಲ್ಲಿ ನೆರೆಯುವವರು ಈ ಕಥೆಯನ್ನೂ ಒಮ್ಮೆ ಓದುವುದು ಉಚಿತ. ಸೌಧವು ಹಿರಿಯರು ತೆತ್ತ ಬೆಲೆಯನ್ನು ಜ್ಞಾಪಿಸುತ್ತದೆ. ಕಥೆಯು ತೆರದೆ ಉಳಿದ ಬೆಲೆಯನ್ನು ಕೇಳುತ್ತದೆ.