ಖಾಕಿಯ ಸಿಟ್ಟು, ನಮ್ಮ ಚಪ್ಪಾಳೆ

ಪೊಲೀಸ್ ಕಥೆಯ ಸಿನೆಮಾಗಳಲ್ಲಿ ಚಪ್ಪಾಳೆ ಬೀಳುವುದು ಯಾವಾಗ? ನಾಯಕ ಆರೋಪಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿದಾಗ ಅಲ್ಲ, ಲಾಠಿ ಬೀಸಿದಾಗ. ಸಾಯಿಕುಮಾರ್ ಅಭಿನಯದ 'ಪೊಲೀಸ್ ಸ್ಟೋರಿ' (1996) ಬಂದ ಕಾಲದಿಂದಲೂ ಕನ್ನಡದ ಪ್ರೇಕ್ಷಕರಾದ ನಾವು ಈ ರುಚಿಗೆ ಒಗ್ಗಿಕೊಂಡಿದ್ದೇವೆ. ಆದ್ದರಿಂದಲೇ ಗೋವಿಂದ ನಿಹಲಾನಿಯವರ ಹಿಂದಿ ಚಿತ್ರ 'ಅರ್ಧಸತ್ಯ'ವನ್ನು (1983) ಇಂದು ಮತ್ತೊಮ್ಮೆ ನೋಡಬೇಕಾಗಿದೆ.

ವಿಜಯ್ ತೆಂಡೂಲ್ಕರ್ ಚಿತ್ರಕಥೆ ಬರೆದ ಈ ಚಿತ್ರದಲ್ಲಿ ಓಂ ಪುರಿ ಮುಂಬಯಿಯ ಸಬ್ ಇನ್‌ಸ್ಪೆಕ್ಟರ್ ಅನಂತ ವೆಲಣಕರ್. ಪೊಲೀಸನಾಗಿದ್ದ ತಂದೆ ತಾಯಿಯನ್ನು ಹೊಡೆಯುವುದನ್ನು ನೋಡುತ್ತಲೇ ಬೆಳೆದವನು. ಪ್ರಾಮಾಣಿಕ. ಆದರೆ ರಾಜಕೀಯ ಬಲವಿರುವ ರಾಮಾ ಶೆಟ್ಟಿಯ ಕೂದಲೂ ಕೊಂಕಿಸಲು ಅವನಿಂದಾಗದು. ಒಳಗೆ ಕುದಿಯುವ ಆ ಸಿಟ್ಟು ಕೊನೆಗೆ ಇಳಿಯುವುದು ಠಾಣೆಗೆ ತಂದ ಒಬ್ಬ ಸಣ್ಣ ಕಳ್ಳನ ಮೇಲೆ. ಹೊಡೆತ ತಾಳಲಾರದೆ ಆತ ಸಾಯುತ್ತಾನೆ.

ಚಿತ್ರದ ದೊಡ್ಡತನ ಇಲ್ಲಿದೆ. ಅಂಕೆಯಿಲ್ಲದ ಬಲ ಮೇಲಿನವರ ಮುಂದೆ ಬಾಗುತ್ತದೆ, ಕೆಳಗಿನವರ ಮೇಲೆ ಎರಗುತ್ತದೆ. ಒಳ್ಳೆಯ ಅಧಿಕಾರಿಯ ಕೈಯಲ್ಲೂ ಅದರ ಸ್ವಭಾವ ಬದಲಾಗುವುದಿಲ್ಲ.

ಆದರೂ ನಮಗೊಂದು ತಕರಾರಿದೆ. ಸತ್ತ ಕಳ್ಳ ಯಾರು? ಅವನ ಮನೆಯಲ್ಲಿ ಅಂದು ಒಲೆ ಉರಿಯಿತೇ? ಚಿತ್ರಕ್ಕೆ ಇದು ಮುಖ್ಯವಾಗುವುದಿಲ್ಲ. ಅವನ ಸಾವು ವೆಲಣಕರ್‌ನ ದುರಂತಕ್ಕೆ ಒಂದು ಮೆಟ್ಟಿಲು ಮಾತ್ರ. ಕೊನೆಗೆ ವೆಲಣಕರ್ ಶೆಟ್ಟಿಯನ್ನು ಕೊಂದು ಶರಣಾಗುತ್ತಾನೆ. ಕಳ್ಳನನ್ನು ಕೊಂದದ್ದೂ ಅದೇ ಕೈ ಎಂಬುದನ್ನು ಪ್ರೇಕ್ಷಕ ಅಷ್ಟರಲ್ಲಿ ಮರೆತಿರುತ್ತಾನೆ.

ಕಾನೂನು ಮರೆಯುವುದಿಲ್ಲ, ಮರೆಯಬಾರದು. ಬಂಧಿಸಲು ಅಗತ್ಯವಿರುವಷ್ಟೇ ಬಲ ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಬಂಧನದ ಸುದ್ದಿ ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇವು ಅಪರಾಧಿಯ ಮೇಲಿನ ಕರುಣೆಯಲ್ಲ. ಹಿಡಿದವನೇ ತೀರ್ಪುಗಾರನಾಗದಂತೆ ಹಾಕಿದ ಬೇಲಿ.

2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂ ಚೆಲ್ಲಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗವು, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂದು ವರದಿ ನೀಡಿತು. ಆ ವರದಿ 2022ರಲ್ಲಿ ಬಹಿರಂಗವಾಗುವ ಹೊತ್ತಿಗೆ ಹೂಗಳು ಬಾಡಿ ಹೋಗಿದ್ದವು.

ಪೊಲೀಸರ ದುಡಿಮೆ ಕಷ್ಟದ್ದು, ನಿಜ. ಅವರ ಮೇಲಿನ ಒತ್ತಡವನ್ನು 'ಅರ್ಧಸತ್ಯ' ನಮಗೆ ಮನಮುಟ್ಟುವಂತೆ ತೋರಿಸಿದೆ. ಉಳಿದರ್ಧ ಸತ್ಯ ಲಾಕಪ್ಪಿನ ನೆಲದ ಮೇಲೆ ಬಿದ್ದಿದೆ. ಅದನ್ನು ನೋಡಬೇಕಾದವರು ನಾವು. ಇಂದು ಅಪರಿಚಿತನ ಮೇಲೆ ಬಿದ್ದ ಲಾಠಿಗೆ ಚಪ್ಪಾಳೆ ತಟ್ಟಿದರೆ, ನಾಳೆ ಅದು ನಮ್ಮ ಮನೆಯ ಮಗನ ಬೆನ್ನಿಗೆ ಬಿದ್ದಾಗ ಯಾವ ಬಾಯಿಂದ ನ್ಯಾಯ ಕೇಳೋಣ?