ಗಾರ್ನೆಟ್ಟಿನ ಸಾಕ್ಷ್ಯ: ಎಕ್ಲೊಜೈಟ್ ವರ್ಗೀಕರಣದ ವಿಮರ್ಶೆ

ಕೆಂಪು ಗಾರ್ನೆಟ್ಟೂ ಹಸುರು ಓಂಫಸೈಟೂ ಕೂಡಿದ ಎಕ್ಲೊಜೈಟ್ ಶಿಲೆಯು ರಾಸಾಯನಿಕವಾಗಿ ಬಸಾಲ್ಟನ್ನು ಹೋಲುವುದೆಂದೂ ಅಧಿಕ ಒತ್ತಡದಲ್ಲಿ ಜನಿಸುವುದೆಂದೂ ಭೂವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಆದರೆ ಕೈಯಲ್ಲಿರುವ ಮಾದರಿಯು ಎಂತಹ ಆವರಣದಲ್ಲಿ ಹುಟ್ಟಿತೆಂದು ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗೆ ಕೋಲ್ಮನ್, ಲೀ, ಬೀಟಿ ಮತ್ತು ಬ್ರ್ಯಾನಕ್ ಅವರು 1965ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಒಂದು ಉತ್ತರವನ್ನಿತ್ತರು. ಗಾರ್ನೆಟ್ಟಿನಲ್ಲಿ ಪೈರೋಪ್ ಎಂಬ ಮೆಗ್ನೀಸಿಯಂ ಘಟಕವು ಶೇಕಡ 55ನ್ನು ಮೀರಿದರೆ ಅದು ಕಿಂಬರ್ಲೈಟಿನೊಡನೆ ಮೇಲೆ ಬಂದ ‘ಎ’ ವರ್ಗ. 30ರಿಂದ 55ರವರೆಗಿದ್ದರೆ ನೈಸ್ ಪ್ರದೇಶಗಳ ‘ಬಿ’ ವರ್ಗ. 30ಕ್ಕಿಂತ ಕಡಿಮೆಯಾದರೆ ಗ್ಲಾಕೋಫೇನ್ ಷಿಸ್ಟುಗಳ ನಡುವೆ ದೊರೆಯುವ ‘ಸಿ’ ವರ್ಗ.

ಈ ಪ್ರಬಂಧದ ಗುಣ ದೊಡ್ಡದು. ಎಕ್ಲೊಜೈಟುಗಳೆಲ್ಲವೂ ಒಂದೇ ಬಗೆಯವಲ್ಲ, ಒಂದೇ ಆಳದವೂ ಅಲ್ಲ ಎಂಬುದನ್ನು ಅದು ವಿಶ್ಲೇಷಣೆಯ ಬಲದಿಂದಲೇ ಸ್ಥಾಪಿಸಿತು. ಮುಂದೆ 1970ರಲ್ಲಿ ಅರ್ನ್ಸ್ಟ್ ಅವರು ಕ್ಯಾಲಿಫೋರ್ನಿಯದ ಫ್ರಾನ್ಸಿಸ್ಕನ್ ಶಿಲೆಗಳನ್ನು, ಸಾಗರದ ಫಲಕವು ಖಂಡದ ಅಡಿಗೆ ಇಳಿದ ಕ್ರಿಯೆಯೊಡನೆ ಜೋಡಿಸಿದಾಗ, ‘ಸಿ’ ವರ್ಗಕ್ಕೆ ಹೊಸ ಅರ್ಥವೊದಗಿತು. ಅದು ಪ್ರಾಚೀನ ಅಧೋಗಮನ ವಲಯದ ಗುರುತಾಯಿತು.

ದೋಷವು ತೊಡಗುವುದು ಇಲ್ಲಿಯೇ. ಗಾರ್ನೆಟ್ಟಿನ ಪೈರೋಪ್ ಪ್ರಮಾಣವನ್ನು ಉಷ್ಣತೆ, ಒತ್ತಡಗಳಷ್ಟೇ ನಿರ್ಧರಿಸುವುದಿಲ್ಲ. ಇಡೀ ಶಿಲೆಯ ರಾಸಾಯನಿಕ ಘಟನೆಯೂ ನಿರ್ಧರಿಸುತ್ತದೆ. ಕಬ್ಬಿಣವು ಹೆಚ್ಚಿದ ಪದರದಲ್ಲಿ ಆಲ್ಮಂಡೈನ್, ಮೆಗ್ನೀಸಿಯಂ ಹೆಚ್ಚಿದ ಪದರದಲ್ಲಿ ಪೈರೋಪ್ ಬಲಿಯುತ್ತದೆ. ಒಂದೇ ಬಂಡೆಯಲ್ಲಿ, ಒಂದೇ ಇತಿಹಾಸವನ್ನು ಕಂಡ ಎರಡು ಪದರಗಳು ಎರಡು ವರ್ಗಗಳಿಗೆ ಸೇರಬಹುದಾದರೆ, ಆ ಅಂಕೆಯು ಆವರಣವನ್ನು ಹೇಳಿತೆನ್ನಲಾದೀತೆ?

1984ರ ಎರಡು ಶೋಧಗಳು ಈ ಸಂದೇಹವನ್ನು ದೃಢಪಡಿಸಿದುವು. ಪಶ್ಚಿಮ ಆಲ್ಪ್ಸಿನ ಡೋರಾ ಮೈರಾದಲ್ಲಿ ಷೋಪಾನ್ ಅವರು ಬಹುಮಟ್ಟಿಗೆ ಶುದ್ಧವಾದ ಪೈರೋಪಿನ ಒಳಗೆ ಕೋಯೆಸೈಟನ್ನು ಕಂಡರು. ಆ ಶಿಲೆ ಎಕ್ಲೊಜೈಟಲ್ಲ, ನಿಜ. ಆದರೂ ಸುಮಾರು 28 ಕಿಲೋಬಾರ್ ಒತ್ತಡದಷ್ಟು ಆಳಕ್ಕೆ ಇಳಿದ ಭೂಚಿಪ್ಪಿನ ಶಿಲೆಯದು. ಅದರ ಪೈರೋಪಿಗೆ ಮುಖ್ಯ ಕಾರಣ ಶಿಲೆಯ ಮೆಗ್ನೀಸಿಯಂ ಸಮೃದ್ಧಿಯೇ ಹೊರತು ಕಿಂಬರ್ಲೈಟಿನ ಸಂಬಂಧವಲ್ಲ. ಅದೇ ವರ್ಷ ನಾರ್ವೆಯ ನೈಸ್ ಪ್ರದೇಶದ ಎಕ್ಲೊಜೈಟಿನಲ್ಲಿ ಸ್ಮಿತ್ ಅವರಿಗೂ ಕೋಯೆಸೈಟ್ ದೊರೆಯಿತು. ಅಧೋಗಮನದ ಗುರುತು ‘ಸಿ’ ವರ್ಗದ ಸ್ವತ್ತಲ್ಲವೆಂದು ಇದರಿಂದ ಸ್ಪಷ್ಟವಾಯಿತು. ಖಂಡದ ಭಾಗಗಳೂ ಅಷ್ಟು ಆಳಕ್ಕೆ ಇಳಿದು ಮರಳಿ ಬಂದಿವೆ.

ಹಾಗೆಂದು ಈ ವರ್ಗೀಕರಣವನ್ನು ತ್ಯಜಿಸಬೇಕಾಗಿಲ್ಲ. ಮಾದರಿಗಳನ್ನು ವಿವರಿಸಲು ಅದು ಅನುಕೂಲವಾದ ಸಾಧನ. ಮೂಲವನ್ನು ತೀರ್ಮಾನಿಸಲು ಮಾತ್ರ ಬೇರೆ ಸಾಕ್ಷ್ಯಗಳೂ ಬೇಕು. ಗಾರ್ನೆಟ್ಟಿಗೂ ಪೈರಾಕ್ಸೀನಿಗೂ ನಡುವೆ ಕಬ್ಬಿಣ, ಮೆಗ್ನೀಸಿಯಂಗಳು ಹಂಚಿಕೊಳ್ಳುವ ರೀತಿಯಿಂದ ಉಷ್ಣತೆಯನ್ನು ಅಳೆಯಬಹುದೆಂದೂ, ಆ ಅಳತೆಯಲ್ಲಿ ಗಾರ್ನೆಟ್ಟಿನ ಕ್ಯಾಲ್ಸಿಯಂ ಅನ್ನು ಗಣಿಸಬೇಕೆಂದೂ ಎಲ್ಲಿಸ್ ಮತ್ತು ಗ್ರೀನ್ 1979ರಲ್ಲಿ ತೋರಿಸಿದ್ದಾರೆ. ವಿದ್ಯಾರ್ಥಿಯು ಪೈರೋಪಿನ ಶೇಕಡವನ್ನು ಬರೆಯುವಾಗ ಅದರ ಪಕ್ಕದಲ್ಲಿ ಇಡೀ ಶಿಲೆಯ ವಿಶ್ಲೇಷಣೆಯನ್ನೂ, ಜೊತೆಯ ಪೈರಾಕ್ಸೀನಿನ ಘಟನೆಯನ್ನೂ, ಗಾರ್ನೆಟ್ಟಿನೊಳಗೆ ಹುದುಗಿದ ಖನಿಜಗಳನ್ನೂ ಬರೆಯಲಿ. ವರ್ಗದ ಅಕ್ಷರವನ್ನು ಅನಂತರ ನಮೂದಿಸಿದರೆ ಸಾಕು.